ಹರಕೆಯ ಆಟ, ಊರಿನ ರಂಗ



ದತ್ತಿ ಉಪನ್ಯಾಸ ಎಂಬ ಪದ್ಧತಿಯೊಳಗೇ ಇಂದಿನ ವಿಷಯದ ಬೀಜವಿದೆ. ಒಬ್ಬರು ತಮ್ಮ ಹಿರಿಯರ ನೆನಪಿಗಾಗಿ ಹಣ ಇಡುತ್ತಾರೆ. ಸಂಸ್ಥೆಯೊಂದು ಅದನ್ನು ಜೋಪಾನ ಮಾಡುತ್ತದೆ. ಮಾತಾಡುವವರು ಬೇರೆ, ಕೇಳುವವರು ಬೇರೆ. ಹಣ ಇಟ್ಟವರು ಸಭೆಗೆ ಒಂದು ಸಂಜೆಯನ್ನು ಕೊಟ್ಟಿರುತ್ತಾರೆ. ಆ ಸಂಜೆ ಏನು ಹೇಳಬೇಕೆಂಬುದನ್ನು ಅವರು ಬರೆದು ಕೊಡುವುದಿಲ್ಲ. ಇದೇ ಏರ್ಪಾಡನ್ನು ನಮ್ಮ ಕರಾವಳಿ ಇದಕ್ಕಿಂತ ಎಷ್ಟೋ ದೊಡ್ಡ ಪ್ರಮಾಣದಲ್ಲಿ, ತಲೆಮಾರುಗಳಿಂದ, ಗದ್ದೆ ಬಯಲುಗಳಲ್ಲಿ ನಡೆಸಿಕೊಂಡು ಬಂದಿದೆ. ಅದನ್ನೇ ನಾವು ಹರಕೆಯ ಆಟ, ಸೇವೆಯ ಆಟ ಎಂದು ಕರೆಯುತ್ತೇವೆ. ದೇವರ ಕಥೆಯನ್ನು ಹಾಡು, ಕುಣಿತ, ಮಾತುಗಳಲ್ಲಿ ಆಡಿ ತೋರಿಸುವ, ಭಕ್ತರೊಬ್ಬರ ಖರ್ಚಿನಲ್ಲಿ ನಡೆಯುವ, ಊರಿಗೆಲ್ಲ ತೆರೆದಿರುವ ಯಕ್ಷಗಾನ ರಂಗಭೂಮಿ ಅದು.

ಇಂದಿನ ಮಾತನ್ನು ನಾಲ್ಕು ಭಾಗಗಳಲ್ಲಿ ಇಡುತ್ತೇನೆ. ಸೇವೆಯ ಆಟದ ಏರ್ಪಾಡು ಹೇಗಿದೆ ಎಂಬುದು ಮೊದಲನೆಯದು. ಭಕ್ತರ ಹಣದಿಂದ ರಂಗದ ಮೇಲೆ ನಿಜವಾಗಿ ಏನು ನಡೆಯುತ್ತದೆ ಎಂಬುದು ಎರಡನೆಯದು. ಈ ಪದ್ಧತಿಯ ಮೇಲೆ ಎರಡು ದಿಕ್ಕುಗಳಿಂದ ಬರುವ ಆಕ್ಷೇಪಗಳು ಮೂರನೆಯದು. ಇದು ಉಳಿಯಬೇಕಾದರೆ ಯಾರ ಮೇಲೆ ಯಾವ ಹೊಣೆ ಇದೆ ಎಂಬುದು ಕೊನೆಯದು. ನನ್ನ ವಾದ ಇಷ್ಟೆ: ಹರಕೆ ಸಲ್ಲುವುದು ದೇವರಿಗೆ, ಆಟ ಸಲ್ಲುವುದು ಊರಿಗೆ, ದುಡಿಮೆಯ ಫಲ ಸಲ್ಲಬೇಕಾದ್ದು ಕಲಾವಿದರಿಗೆ. ಈ ಮೂರೂ ಸಂದಾಗಲೇ ಹರಕೆ ತೀರಿತೆನ್ನಬೇಕು. ಒಂದು ಸಲ್ಲದಿದ್ದರೂ ಉಳಿದೆರಡು ಅರ್ಧವಾಗುತ್ತವೆ.

ಮೊದಲು ಏರ್ಪಾಡಿನ ವಿಚಾರ. ದಕ್ಷಿಣ ಕನ್ನಡದ ಕಟೀಲಿನಲ್ಲಿ ನಂದಿನಿ ನದಿಯ ನಡುವಿನ ಶ್ರೀ ದುರ್ಗಾಪರಮೇಶ್ವರಿ ದೇವಸ್ಥಾನದಿಂದ ಒಂದಕ್ಕಿಂತ ಹೆಚ್ಚು ಮೇಳಗಳು, ಎಂದರೆ ಯಕ್ಷಗಾನ ತಂಡಗಳು, ಒಂದೇ ರಾತ್ರಿ ಬೇರೆ ಬೇರೆ ಊರುಗಳಿಗೆ ಹೊರಡುತ್ತವೆ. ಉತ್ತರದ ಶೈಲಿಯಾದ ಬಡಗುತಿಟ್ಟಿನಲ್ಲಿ ಮಂದಾರ್ತಿಯ ದುರ್ಗಾಪರಮೇಶ್ವರಿಯ ಮೇಳಗಳೂ ಹಾಗೆಯೇ. ಮಳೆಗಾಲ ಮುಗಿದು, ದೀಪಾವಳಿ ಕಳೆದು ಗೆಜ್ಜೆ ಕಟ್ಟಿದರೆ, ತುಳುವರ ಬೇಶ ತಿಂಗಳ ಹತ್ತನೆಯ ದಿನ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚುವವರೆಗೆ ತಿರುಗಾಟ. ಮಗು ಹುಟ್ಟಲಿ, ಕಾಯಿಲೆ ವಾಸಿಯಾಗಲಿ, ಮನೆ ಕಟ್ಟಿ ಮುಗಿಯಲಿ ಎಂದು ಹೇಳಿಕೊಂಡ ಹರಕೆಯನ್ನು ತೀರಿಸುವ ಕುಟುಂಬ ದೇವಸ್ಥಾನಕ್ಕೆ ಹಣ ಕಟ್ಟಿ ಆಟವನ್ನು ನಿಗದಿ ಮಾಡುತ್ತದೆ. ದಿನಾಂಕ ಬೇಕೆಂದಾಗ ಸಿಗುವುದಿಲ್ಲ. ಸರದಿ ಬರಲು ವರ್ಷಗಟ್ಟಲೆ ಕಾಯುವವರಿದ್ದಾರೆ. ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ದುಡಿಯುವವರು ತಮ್ಮ ಸರದಿಯ ದಿನ ನೋಡಿಕೊಂಡು ರಜೆ ಹಾಕಿ ಊರಿಗೆ ಬರುವುದುಂಟು. ಆ ದಿನ ಮಧ್ಯಾಹ್ನವೇ ಲಾರಿಯಲ್ಲಿ ಸಾಮಾನು ಬಂದು, ಕೊಯ್ಲು ಮುಗಿದ ಗದ್ದೆಯಲ್ಲೋ ಶಾಲೆಯ ಅಂಗಳದಲ್ಲೋ ರಂಗಸ್ಥಳ ಏಳುತ್ತದೆ. ಸಂಜೆ ಬಣ್ಣದ ಮನೆಯಾದ ಚೌಕಿಯಲ್ಲಿ ದೇವರ ಪೂಜೆ, ಪ್ರಸಾದ, ಬಂದವರಿಗೆಲ್ಲ ಊಟ. ಆಮೇಲೆ ಕಥೆಗೆ ಮೊದಲಿನ ಕುಣಿತಗಳ ಪೂರ್ವರಂಗ, ಆಮೇಲೆ ಕಥೆಯ ಪ್ರಸಂಗ.

ಈ ಏರ್ಪಾಡಿನಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಸೇವಾಕರ್ತರು ವೇಷಧಾರಿಯ ಕೈಗೆ ನೇರವಾಗಿ ಹಣ ಕೊಟ್ಟು ಆಟ ಆಡಿಸುವುದಿಲ್ಲ. ಹಣ ದೇವಸ್ಥಾನದ ಮೂಲಕ ಹಾದುಹೋಗುತ್ತದೆ. ಯಾರಿಗೆ ಯಾವ ವೇಷ ಎಂಬುದನ್ನು ನಿರ್ಧರಿಸುವುದು ಮೇಳ. ಯಾವ ಪದ್ಯವನ್ನು ಎಷ್ಟು ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಎಂಬುದನ್ನು ರಂಗದ ಮೇಲೆ ನಿರ್ಧರಿಸುವವರು ಹಾಡುಗಾರರಾದ ಭಾಗವತರು. ಕೊಡುವವರ ಮತ್ತು ಆಡುವವರ ನಡುವೆ ದೇವಸ್ಥಾನವೂ ಸಂಪ್ರದಾಯವೂ ಹೀಗೆ ನಿಂತಿರುವುದರಿಂದ ದೊಡ್ಡ ಉಪಕಾರವಾಗಿದೆ. ಕೊಟ್ಟವರು ಕಥೆಯ ಒಡೆಯರಾಗುವುದಿಲ್ಲ, ಆಡಿದವರು ಕೊಟ್ಟವರ ಆಳಾಗುವುದಿಲ್ಲ. ದೊಡ್ಡ ಉದ್ಯಮಿ ಆಡಿಸಲಿ, ಹತ್ತು ಮನೆಯವರು ಸೇರಿ ಆಡಿಸಲಿ, ಮಹಿಷಾಸುರನ ಕೋಡು ಅಷ್ಟೇ ಉದ್ದ, ದೇವಿಯ ಕಿರೀಟ ಅಷ್ಟೇ ಎತ್ತರ.

ಇನ್ನೊಂದು ಸೂಕ್ಷ್ಮ ಬಾಗಿಲಿನದು. ಗರ್ಭಗುಡಿಗೆ ಬಾಗಿಲುಂಟು, ಗದ್ದೆಗೆ ಬಾಗಿಲಿಲ್ಲ. ಕುಳಿತ ಸಾಲುಗಳಲ್ಲಿ ಊರಿನ ಮೇಲುಕೀಳು ಎಂದೂ ಸುಳಿಯಲಿಲ್ಲವೆಂದು ನಾನು ಹೇಳಲಾರೆ. ಊರು ಹೇಗಿತ್ತೋ ಆಟದ ಬಯಲೂ ಹಾಗಿತ್ತು. ಆದರೆ ಟಿಕೆಟಿಲ್ಲದ, ಗೋಡೆಯಿಲ್ಲದ, ಯಾರನ್ನೂ ಕೇಳದೆ ಚಾಪೆ ಹಾಸಿ ಕೂರಬಹುದಾದ ರಂಗವೊಂದು ಹಳ್ಳಿಯ ಬಡವನಿಗೂ ಪುರಾಣವನ್ನು, ತರ್ಕವನ್ನು, ಒಳ್ಳೆಯ ಕನ್ನಡವನ್ನು ರಾತ್ರಿಯಿಡೀ ಉಣಬಡಿಸಿತು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ, ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಮಂದಿಗೆ ಗ್ರಂಥಸ್ಥ ಕನ್ನಡ ಕಿವಿಗೆ ಬಿದ್ದದ್ದು ಈ ಬಯಲಿನಲ್ಲಿ. ಅದರ ಖರ್ಚನ್ನು ಹೊತ್ತದ್ದು ಒಂದು ಮನೆಯ ಹರಕೆ.

ಇನ್ನು ಎರಡನೆಯ ಭಾಗಕ್ಕೆ ಬರುತ್ತೇನೆ: ಈ ಹಣದಿಂದ ರಂಗದ ಮೇಲೆ ನಡೆಯುವುದೇನು? ಕಟೀಲು ಮೇಳಗಳಿಗೆ ಹೆಚ್ಚಾಗಿ ಬರುವ ಬೇಡಿಕೆ ‘ಶ್ರೀ ದೇವಿ ಮಹಾತ್ಮೆ’ ಪ್ರಸಂಗಕ್ಕೆ. ಅದರ ಮೂಲ ಮಾರ್ಕಂಡೇಯ ಪುರಾಣದಲ್ಲಿರುವ, 13 ಅಧ್ಯಾಯಗಳ, 700 ಮಂತ್ರಗಳೆಂದು ಎಣಿಸುವ ದುರ್ಗಾ ಸಪ್ತಶತಿ. ಮನೆಗಳಲ್ಲಿ, ಗುಡಿಗಳಲ್ಲಿ ಇದನ್ನು ಪಾರಾಯಣ ಮಾಡುತ್ತಾರೆ. ಪಾರಾಯಣದಲ್ಲಿ ಒಂದು ಅಕ್ಷರ ಕೂಡಿಸುವಂತಿಲ್ಲ, ಕಳೆಯುವಂತಿಲ್ಲ. ಅದೇ ಕಥೆ ರಂಗಸ್ಥಳಕ್ಕೆ ಬಂದಾಗ ಏನಾಗುತ್ತದೆ ನೋಡಿ. ಸಪ್ತಶತಿಯಲ್ಲಿ ಮಹಿಷನಿಗೆ ತಾಯಿಯ ಕಥೆಯಿಲ್ಲ. ಪ್ರಸಂಗದಲ್ಲಿ ಮಾಲಿನಿ ಎಂಬ ತಾಯಿ ಇದ್ದಾಳೆ, ಆಕೆಗೊಬ್ಬ ದೂತನಿದ್ದಾನೆ. ಆ ಮಾಲಿನಿ ದೂತ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಹೆಸರಾಂತ ಹಾಸ್ಯ ಪಾತ್ರ. ಹರಕೆ ತೀರಿಸಲು ಬಂದು ಕೈಮುಗಿದು ಕುಳಿತ ಮನೆಯವರೆಲ್ಲ ಅವನ ಮಾತಿಗೆ ಹೊಟ್ಟೆ ಹಿಡಿದು ನಗುತ್ತಾರೆ. ಪೂಜೆಗೆಂದು ಕೊಟ್ಟ ಹಣದಲ್ಲಿ ನಗುವಿಗೂ ಪಾಲಿದೆ.

ರಕ್ತಬೀಜನ ಪಾತ್ರ ಇದಕ್ಕಿಂತ ದೊಡ್ಡ ಸಾಕ್ಷಿ. ಸಪ್ತಶತಿಯ ಎಂಟನೆಯ ಅಧ್ಯಾಯದಲ್ಲಿ ಅವನು ಬರುತ್ತಾನೆ, ಕಾದುತ್ತಾನೆ, ನೆಲಕ್ಕೆ ಬಿದ್ದ ಒಂದೊಂದು ಹನಿ ರಕ್ತದಿಂದ ಮತ್ತೊಬ್ಬ ತನ್ನಂಥವನಾಗಿ ಏಳುತ್ತಾನೆ. ಕಾಳಿ ಆ ರಕ್ತವನ್ನು ಕುಡಿದು ಮುಗಿಸುತ್ತಾಳೆ. ಅಲ್ಲಿ ಅವನಿಗೆ ಮಾತಿಲ್ಲ. ಯಕ್ಷಗಾನದಲ್ಲಿ ರಕ್ತಬೀಜನೆಂದರೆ ಮಾತಿನ ಪಾತ್ರ. ಪದ್ಯಕ್ಕೆ ಆಶುವಾಗಿ ಮಾತು ಕಟ್ಟುವ ಅರ್ಥಗಾರಿಕೆಯಲ್ಲಿ ಪಳಗಿದ ಹಿರಿಯ ವೇಷಧಾರಿಗೆ ಒಪ್ಪಿಸುವಂಥದು. ಬಂದವಳು ಸಾಮಾನ್ಯ ಹೆಣ್ಣಲ್ಲವೆಂದು ಬಲ್ಲ, ಒಡೆಯನ ಅನ್ನದ ಋಣವನ್ನೂ ಬಿಡಲಾರದ ಒಬ್ಬ ವಿವೇಕಿಯಾಗಿ ಅವನನ್ನು ನಮ್ಮ ಅರ್ಥಧಾರಿಗಳು ಬೆಳೆಸಿದ್ದಾರೆ. ದೇವಿಯೆದುರು ನಿಂತು ಅವನು ಪ್ರಶ್ನೆ ಕೇಳುತ್ತಾನೆ. ದೇವಿ ಉತ್ತರ ಹೇಳಬೇಕಾಗುತ್ತದೆ. ಈ ಮಾತುಗಳನ್ನು ಯಾರೂ ಬರೆದು ಕೊಟ್ಟಿರುವುದಿಲ್ಲ. ಪದ್ಯ ಮಾತ್ರ ನಿಶ್ಚಿತ, ಅರ್ಥ ಆ ರಾತ್ರಿಯದು. ದೇವಿಯ ಸೇವೆಗೆಂದು ಇಟ್ಟ ಹಣದಿಂದಲೇ ದೇವಿಯನ್ನು ಪ್ರಶ್ನಿಸುವ ರಾಕ್ಷಸನಿಗೂ ಸಂಬಳ ಸಲ್ಲುತ್ತದೆ, ಅವನ ವಾದವನ್ನೂ ಊರು ಗೌರವದಿಂದ ಕೇಳುತ್ತದೆ. ಭಕ್ತಿಯ ರಂಗಭೂಮಿಗೆ ಇದಕ್ಕಿಂತ ದೊಡ್ಡ ಹೆಗ್ಗಳಿಕೆ ಬೇಡ.

ಮಹಿಷಾಸುರನ ಪ್ರವೇಶವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬಣ್ಣದ ವೇಷಧಾರಿ ಗಂಟೆಗಟ್ಟಲೆ ಮೊದಲೇ ಚೌಕಿಯಲ್ಲಿ ಕನ್ನಡಿಯ ಮುಂದೆ ಕುಳಿತಿರುತ್ತಾನೆ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹದವಾದ ಮಿಶ್ರಣದಿಂದ ಮುಖದ ಮೇಲೆ ಒಂದೊಂದೇ ಚಿಟ್ಟಿ ಇಡುತ್ತಾನೆ. ಒಂದು ಒಣಗಿದ ಮೇಲೆ ಅದರ ಮೇಲೊಂದು. ತುಟಿ ಅಲುಗಿದರೆ ಚಿಟ್ಟಿ ಬಿರಿಯುತ್ತದೆ; ಹಾಗಾಗಿ ಮಾತಿಲ್ಲ. ನಡುರಾತ್ರಿಯ ಹೊತ್ತಿಗೆ ರಂಗಸ್ಥಳದಲ್ಲಿ ಚೆಂಡೆ ಏರುತ್ತದೆ; ಆದರೆ ಮಹಿಷ ರಂಗಸ್ಥಳದಿಂದ ಬರುವುದಿಲ್ಲ. ದೂರದ ಕತ್ತಲಲ್ಲಿ, ಪ್ರೇಕ್ಷಕರ ಬೆನ್ನ ಹಿಂದೆ ದೊಂದಿಗಳು ಹೊತ್ತಿಕೊಳ್ಳುತ್ತವೆ. ರಾಳದ ಹುಡಿ ಎರಚಿದಾಗ ಬೆಂಕಿ ಆಳೆತ್ತರಕ್ಕೆ ಭಗ್ಗೆಂದು, ಎರಡು ಕೋಡು ಒಂದು ಕ್ಷಣ ಕಂಡು ಮತ್ತೆ ಕತ್ತಲಾಗುತ್ತದೆ. ಜನರ ನಡುವಿನ ದಾರಿಯಲ್ಲಿ ಅವನು ಅಬ್ಬರಿಸುತ್ತ ಬರುವಾಗ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ, ನಿದ್ದೆಗೆ ಜಾರಿದವರು ಎದ್ದು ಕೂರುತ್ತಾರೆ. ಈ ಪ್ರವೇಶಕ್ಕೆ ಗದ್ದೆಯೇ ರಂಗ. ಊರೇ ದೇವಲೋಕವಾಗಿ, ಮಹಿಷ ಅದಕ್ಕೆ ಲಗ್ಗೆ ಇಡುತ್ತಾನೆ. ಯಾವ ಪಾರಾಯಣದಿಂದಲೂ ಆಗದ ಕೆಲಸವನ್ನು ಇಲ್ಲಿ ಚಿಟ್ಟಿ, ಚೆಂಡೆ, ರಾಳಗಳು ಸೇರಿ ಮಾಡುತ್ತವೆ: ದೇವಿ ಯಾಕೆ ಬರಬೇಕಾಯಿತು ಎಂಬುದನ್ನು ಮೈಗೆ ಅರಿವಾಗಿಸುತ್ತವೆ.

ಇಲ್ಲಿಗೆ ಮೂರನೆಯ ಭಾಗ, ಆಕ್ಷೇಪಗಳ ವಿಚಾರ. ಮೊದಲನೆಯದು ಕಲೆಯ ಪಕ್ಷದವರದು. ಹರಕೆಯ ಹಣ ಕಲೆಯನ್ನು ಕೆಡಿಸುತ್ತದೆ ಎನ್ನುತ್ತಾರೆ ಅವರು. ಪ್ರೇಕ್ಷಕ ಕಿಸೆಯಿಂದ ಹಣ ಕೊಟ್ಟರೆ ಚೆನ್ನಾಗಿಲ್ಲದ ಆಟವನ್ನು ಮಾರನೆಯ ದಿನ ತಿರಸ್ಕರಿಸುತ್ತಾನೆ. ಕಲಾವಿದನಿಗೆ ಆ ಭಯ ಇರಬೇಕು. ಹರಕೆಯ ಆಟಕ್ಕೆ ಹೇಗಿದ್ದರೂ ಮುಂದಿನ ಬುಕ್ಕಿಂಗ್ ಇದ್ದೇ ಇದೆ, ಹಾಗಿರುವಾಗ ಚೆನ್ನಾಗಿ ಆಡುವ ಅಗತ್ಯವೇನು ಎಂಬುದು ಅವರ ಪ್ರಶ್ನೆ. ಇದರಲ್ಲಿ ಸತ್ಯಾಂಶವಿದೆ. ಸರದಿ ಉದ್ದವಾಗಿದ್ದಷ್ಟೂ ಅಸಡ್ಡೆಗೆ ಅವಕಾಶ ಹೆಚ್ಚು. ಆದರೆ ಟಿಕೆಟಿನ ಪ್ರಯೋಗವನ್ನೂ ನಮ್ಮ ಕರಾವಳಿ ಮಾಡಿ ನೋಡಿದೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಡೇರೆ ಮೇಳಗಳು ಮೆರೆದವು. ಸುರತ್ಕಲ್ ಮೇಳ, ಕರ್ನಾಟಕ ಮೇಳದಂಥ ತಂಡಗಳು ತುಂಬಿದ ಡೇರೆಗಳಲ್ಲಿ ಆಡಿದವು, ದೊಡ್ಡ ಕಲಾವಿದರನ್ನು ಬೆಳೆಸಿದವು, ತುಳು ಪ್ರಸಂಗಗಳಿಗೆ ಹೊಸ ಪ್ರೇಕ್ಷಕರನ್ನು ತಂದವು. ಆ ಋಣವನ್ನು ಮರೆಯಬಾರದು. ಆದರೆ ಗಲ್ಲಾಪೆಟ್ಟಿಗೆಗೂ ತನ್ನದೇ ಒತ್ತಡವಿದೆ. ಡೇರೆ ತುಂಬಲು ಪ್ರತಿ ವರ್ಷ ಹೊಸ ಕಥೆ ಬೇಕು, ಹೆಸರಿನ ಆಕರ್ಷಣೆ ಬೇಕು, ಸಿನಿಮಾದ ಜೊತೆ ಪೈಪೋಟಿಗೆ ಇಳಿಯಬೇಕು. ಖರ್ಚು ಗಿಟ್ಟದೆ ಆ ಎರಡೂ ಮೇಳಗಳು ನಿಂತುಹೋದವು. ತೆಂಕಿನಲ್ಲಿ ಡೇರೆಯ ಕಾಲವೇ ಮುಗಿಯಿತು. ಹರಕೆಯ ಮೇಳಗಳು ಉಳಿದವು, ಸಂಖ್ಯೆಯಲ್ಲೂ ಬೆಳೆದವು. ಹಾಗಾಗಿ ಪ್ರಶ್ನೆ ಟಿಕೆಟೋ ಹರಕೆಯೋ ಎಂಬುದಲ್ಲ. ತಿರಸ್ಕರಿಸುವ ಪ್ರೇಕ್ಷಕನ ಭಯ ಇಲ್ಲದ ಕಡೆ ಕಲೆಯ ಶಿಸ್ತು ಎಲ್ಲಿಂದ ಬರಬೇಕು ಎಂಬುದು ಪ್ರಶ್ನೆ.

ಅದಕ್ಕೆ ಉತ್ತರ ಎರಡನೆಯ ಆಕ್ಷೇಪವನ್ನು ಪರಿಶೀಲಿಸುವಾಗ ಸಿಗುತ್ತದೆ. ಈ ಆಕ್ಷೇಪ ಭಕ್ತಿಯ ಪಕ್ಷದವರದು. ಸೇವೆಯ ಆಟವನ್ನು ಕಲೆಯೆಂದು ಅಳೆಯಲೇಬಾರದು, ಅದು ಪೂಜೆ. ಪೂಜೆಗೆ ವಿಮರ್ಶೆ ಸಲ್ಲದು, ದೇವಿಗೆ ಸಂದರೆ ಸಾಕು ಎನ್ನುತ್ತಾರೆ. ಭಾವ ದೊಡ್ಡದು, ಒಪ್ಪುತ್ತೇನೆ. ಆದರೆ ದೇವಿಗೆ ಸಲ್ಲುವುದು ಯಾವುದು? ಹಣವನ್ನಷ್ಟೇ ಸಲ್ಲಿಸುವುದಿದ್ದರೆ ಹುಂಡಿ ಇತ್ತು. ಮಂತ್ರವೇ ಸಾಕಿದ್ದರೆ ಪಾರಾಯಣ ಇತ್ತು. ಹಿರಿಯರು ಹಾಡು, ಕುಣಿತ, ಬಣ್ಣ, ಮಾತುಗಳನ್ನು ಸೇವೆಯೆಂದು ಆರಿಸಿಕೊಂಡರು. ನೈವೇದ್ಯಕ್ಕೆ ಬೇಯದ ಅನ್ನ ಇಡುವುದಿಲ್ಲ, ಬಾಡಿದ ಹೂವನ್ನು ಮುಡಿಸುವುದಿಲ್ಲ. ಹಾಗಿರುವಾಗ ಶ್ರುತಿ ತಪ್ಪಿದ ಪದ್ಯವನ್ನು, ಅರ್ಧಕ್ಕೆ ಬಿಟ್ಟ ಕುಣಿತವನ್ನು ಭಕ್ತಿಯ ಹೆಸರಿನಲ್ಲಿ ಒಪ್ಪಿಸಬಹುದೆ? ಕಲೆಯ ಶಿಸ್ತು ಹೊರಗಿನಿಂದ ಹೇರುವ ನಿಯಮವಲ್ಲ, ಸೇವೆಯ ಒಳಗೇ ಇರುವ ನಿಯಮ. ಗಲ್ಲಾಪೆಟ್ಟಿಗೆಯ ಭಯ ಮಾಡುವ ಕೆಲಸವನ್ನು ಇಲ್ಲಿ ಒಪ್ಪಿಸುವವನ ಶ್ರದ್ಧೆ ಮಾಡಬೇಕು.

ಇದಕ್ಕೆ ಬದುಕೇ ಸಾಕ್ಷಿಯಾದವರು ನಮ್ಮಲ್ಲಿದ್ದರು. ಬಲಿಪ ನಾರಾಯಣ ಭಾಗವತರು (1938–2023) ಕಟೀಲು ಮೇಳದ ಪ್ರಧಾನ ಭಾಗವತರಾಗಿ ದೇವಿ ಮಹಾತ್ಮೆಯನ್ನು ಎಷ್ಟು ರಾತ್ರಿ ಹಾಡಿದರೋ ಎಣಿಸುವುದು ಕಷ್ಟ. ಅಷ್ಟು ಸಲ ಹಾಡಿದವರಿಗೆ ಬೇಸರ ಬರಬಹುದಿತ್ತು. ಅವರು ಅದೇ ಕಥೆಯನ್ನು ಐದು ದಿನಗಳ ಆಟಕ್ಕಾಗುವಷ್ಟು ವಿಸ್ತಾರವಾದ ಪ್ರಸಂಗವಾಗಿ ಬರೆದರು. ಅಜ್ಜನಿಂದ ಬಂದ ಹಾಡಿನ ಬಲಿಪ ಶೈಲಿಯನ್ನು ಬಿಡದೆ, ಅದೇ ದಾರಿಯಲ್ಲಿ ಹೊಸದನ್ನು ಕಂಡರು. ದಿನವೂ ಅದೇ ಕಥೆಯಾದರೆ ಕಲೆ ಸೊರಗುತ್ತದೆ ಎಂಬ ಮಾತಿಗೆ ಇದೊಂದು ಉತ್ತರ. ಒಂದು ಪಾತ್ರವನ್ನು ನೂರು ಸಲ ಮಾಡಿದವನು ನೂರಾಒಂದನೆಯ ಸಲಕ್ಕೆ ಹೊಸ ಅರ್ಥ ಕಾಣಬಲ್ಲ. ಕಾಣುವ ಹಂಬಲ ಇರಬೇಕು, ಕಾಣಲು ಬಿಡುವ ರಂಗವೂ ಇರಬೇಕು. ಆದರೂ ಒಂದು ಮಾತನ್ನು ಸೇವಾಕರ್ತರ ಮುಂದೆ ಇಡಬೇಕಾಗಿದೆ. ಬೇಡಿಕೆಯೆಲ್ಲ ಒಂದೇ ಪ್ರಸಂಗಕ್ಕೆ ಕೂಡಿಕೊಂಡರೆ ಉಳಿದ ಪ್ರಸಂಗಗಳ ನಡೆ, ಪದ್ಯಗಳ ಮಟ್ಟು, ವೇಷಗಳ ಕ್ರಮ ಬಳಕೆಯಿಲ್ಲದೆ ಮರೆಯಾಗುತ್ತವೆ. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳೂ ಭಾರತದ ಕಾಳಗಗಳೂ ಲಲಿತೋಪಾಖ್ಯಾನವೂ ದೇವಿಗೆ ಸಲ್ಲದ ಸೇವೆಯೇನಲ್ಲ. ಹರಕೆ ಹೇಳುವಾಗ ‘ಮೇಳದವರು ಆರಿಸಿದ ಪ್ರಸಂಗ’ ಎಂದು ಹೇಳಿಕೊಳ್ಳುವ ಕೆಲವು ಮನೆಗಳು ಊರೂರಿನಲ್ಲಿ ಹುಟ್ಟಿದರೆ ಕಲೆಗೆ ದೊಡ್ಡ ಆಸರೆಯಾದೀತು.

ಕೊನೆಯ ಭಾಗಕ್ಕೆ ಬಂದಿದ್ದೇನೆ: ಹೊಣೆಯ ವಿಚಾರ. ಇದರಲ್ಲಿ ಮೊದಲನೆಯದು ಹೊತ್ತಿನ ಪ್ರಶ್ನೆ. ಬಯಲಾಟವೆಂದರೆ ಬೆಳಗಿನ ಮಂಗಳದವರೆಗೆ ಎಂಬುದು ರೂಢಿ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿವೆ. 2022ರ ತಿರುಗಾಟದಲ್ಲಿ ಕಟೀಲು ಮೇಳಗಳು ಕಾಲಮಿತಿಯ ಆಟಕ್ಕೆ ಹೊರಳಿದಾಗ ಕರಾವಳಿಯಲ್ಲಿ ದೊಡ್ಡ ಚರ್ಚೆ ನಡೆಯಿತು. ಹರಕೆಗೆ ಲೋಪವಾಯಿತೆಂದು ನೊಂದವರಿದ್ದರು. ಮಾರನೆಯ ದಿನ ಶಾಲೆ, ಕಚೇರಿ ಇರುವವರೂ ಪೂರ್ತಿ ಆಟ ನೋಡಬಹುದೆಂದು ಸಮಾಧಾನಪಟ್ಟವರೂ ಇದ್ದರು. ಎರಡು ಮಾತಿಗೂ ತೂಕವಿದೆ. ನೆರೆಮನೆಯ ರೋಗಿಯ, ಹಸುಗೂಸಿನ ನಿದ್ದೆಗೂ ಬೆಲೆ ಇದೆಯೆಂಬುದನ್ನು ಭಕ್ತಿ ಮರೆಯಬಾರದು. ಧ್ವನಿವರ್ಧಕ ಬರುವ ಮೊದಲೂ ಆಟ ಇಡೀ ರಾತ್ರಿ ನಡೆಯುತ್ತಿತ್ತು ಎಂಬುದನ್ನು ನೆನೆಯಬೇಕು. ಆಟ ಚಿಕ್ಕದಾಗುವುದಾದರೆ ಯಾವುದನ್ನು ಬಿಡುತ್ತೇವೆ ಎಂಬುದರ ಬಗ್ಗೆ ಎಚ್ಚರ ಬೇಕು. ಪೂರ್ವರಂಗವನ್ನು ಓಡಿಸಿ, ಪಾತ್ರಗಳ ವಿಧ್ಯುಕ್ತ ಪ್ರವೇಶವಾದ ಒಡ್ಡೋಲಗವನ್ನು ಕತ್ತರಿಸಿ, ಅರ್ಥವನ್ನು ನಾಲ್ಕು ವಾಕ್ಯಕ್ಕಿಳಿಸಿ, ಗಿರಕಿ ಕುಣಿತವಾದ ಧೀಂಗಿಣದ ಚಪ್ಪಾಳೆಯನ್ನು ಮಾತ್ರ ಉಳಿಸಿಕೊಂಡರೆ ಉಳಿಯುವುದು ಆಟದ ಚಿಪ್ಪು. ಪೂರ್ವರಂಗದಲ್ಲೇ ಕಿರಿಯ ಕಲಾವಿದರು ಹೆಜ್ಜೆ ಕಲಿಯುವುದು. ಅದನ್ನು ಬಿಟ್ಟರೆ ಮುಂದಿನ ತಲೆಮಾರಿನ ಶಾಲೆಯನ್ನೇ ಮುಚ್ಚಿದಂತೆ. ಕತ್ತರಿಸುವುದಿದ್ದರೆ ನಡುವಿನ ಸಭಾ ಕಾರ್ಯಕ್ರಮ, ಸನ್ಮಾನ, ಭಾಷಣಗಳನ್ನು ಮೊದಲು ಕತ್ತರಿಸಬೇಕು. ಹರಕೆ ದೇವಿಗೆ ಎಂದ ಮೇಲೆ ಹೊತ್ತು ಆಟಕ್ಕೆ ಸಲ್ಲಬೇಕು.

ಎರಡನೆಯ ಹೊಣೆ ಕಲಾವಿದರ ಕುರಿತದ್ದು, ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ತಿರುಗಾಟದ ಆರು ತಿಂಗಳು ಪ್ರತಿ ರಾತ್ರಿ ಬೇರೆ ಊರು, ಹಗಲು ನಿದ್ದೆ, ಸಂಜೆ ಮತ್ತೆ ಬಣ್ಣ. ಪತ್ತನಾಜೆಯ ಬಳಿಕ ಮಳೆಗಾಲದಲ್ಲಿ ಮೇಳದ ಸಂಪಾದನೆ ನಿಲ್ಲುತ್ತದೆ. ಹೆಸರಾದ ಕೆಲವರಿಗೆ ಮುಂಬಯಿ, ಬೆಂಗಳೂರು, ದುಬೈಗಳಲ್ಲಿ ಆಟಗಳು, ತಾಳಮದ್ದಳೆಗಳು ಸಿಗುತ್ತವೆ. ಉಳಿದವರು ಚಿಕ್ಕಮೇಳ ಕಟ್ಟಿ, ಮಳೆಯಲ್ಲೇ ಮನೆಮನೆಗೆ ಹೋಗಿ, ಚಾವಡಿಯ ದೀಪದ ಮುಂದೆ ಹತ್ತು ನಿಮಿಷ ಕುಣಿದು ಕಾಣಿಕೆ ಪಡೆಯುತ್ತಾರೆ. ದೇವಿಯ ಪಾತ್ರ ಮಾಡಿದವನನ್ನು ಉಯ್ಯಾಲೆಯ ಮೇಲೆ ಕೂರಿಸಿ ಆರತಿ ಎತ್ತುವ ಭಕ್ತಿ, ಅದೇ ಮನುಷ್ಯನ ಮಳೆಗಾಲವನ್ನೂ ನೆನೆಯಬೇಕಲ್ಲವೆ? ಈ ದಿಕ್ಕಿನಲ್ಲಿ ಕೆಲಸ ನಡೆದೇ ಇದೆ. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗವೂ 2015ರಲ್ಲಿ ಆರಂಭವಾದ ಯಕ್ಷಧ್ರುವ ಪಟ್ಲ ಫೌಂಡೇಶನ್ನೂ ದಾನಿಗಳ ನೆರವಿನಿಂದ ಕಲಾವಿದರ ಕ್ಷೇಮಕ್ಕೆ ದುಡಿಯುತ್ತಿವೆ, ಮನೆ ಕಟ್ಟಿಕೊಳ್ಳಲು ಕೈಜೋಡಿಸಿವೆ. ಇದನ್ನು ಕೆಲವು ಸಂಸ್ಥೆಗಳ ಔದಾರ್ಯಕ್ಕೇ ಬಿಡದೆ ಹರಕೆಯ ಅಂಗವನ್ನಾಗಿಯೇ ಮಾಡಬಹುದು. ಆಟಕ್ಕೆ ಕಟ್ಟುವ ಹಣದಲ್ಲಿ ಒಂದು ಪಾಲು ಕಲಾವಿದರ ವಿಮೆಗೆ, ಮುಪ್ಪಿಗೆ, ಮಳೆಗಾಲಕ್ಕೆ ಎಂದು ದೇವಸ್ಥಾನಗಳೇ ನಿಯಮ ಮಾಡಿದರೆ ಯಾವ ಸೇವಾಕರ್ತರೂ ಬೇಡವೆನ್ನಲಾರರು.

ಇಷ್ಟಾದರೂ ಒಂದು ಶಂಕೆ ಉಳಿಯಬಹುದು. ಕೊಡುವವರ ಮೇಲೆ ಇಷ್ಟೆಲ್ಲ ಹೊಣೆ ಹೊರಿಸಿದರೆ ಕೊಡುವ ಮನಸ್ಸೇ ಬತ್ತೀತಲ್ಲವೆ? ಹಾಗಾಗದೆಂದು ನಾನು ನಂಬಿದ್ದೇನೆ. ಸರದಿಗಾಗಿ ವರ್ಷಗಟ್ಟಲೆ ಕಾಯುವ ಮನೆಗಳು ಅಗ್ಗದ ಪುಣ್ಯ ಹುಡುಕಿ ಹೊರಟವಲ್ಲ. ಮಗುವಿಗಾಗಿ ಹೇಳಿಕೊಂಡ ಹರಕೆಯ ಆಟ ನಡೆಯುವ ಹೊತ್ತಿಗೆ ಆ ಮಗು ಶಾಲೆಗೆ ಹೋಗುವಷ್ಟು ದೊಡ್ಡದಾಗಿರುತ್ತದೆ. ಮುಂದಿನ ಸಾಲಿನಲ್ಲಿ ಕುಳಿತು ಮಹಿಷನನ್ನು ಕಂಡು ಹೆದರುತ್ತದೆ, ಮಾಲಿನಿ ದೂತನಿಗೆ ನಗುತ್ತದೆ, ರಕ್ತಬೀಜನ ಮಾತಿನ ಹೊತ್ತಿಗೆ ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗಿರುತ್ತದೆ. ಅದರ ಸುತ್ತ ಹರಕೆಯ ಗೊಡವೆಯೇ ಇಲ್ಲದ, ಆಟ ನೋಡಲೆಂದೇ ಬಂದ ನೂರಾರು ಮಂದಿ ಇರುತ್ತಾರೆ. ಆ ಮನೆ ತನ್ನ ಕೃತಜ್ಞತೆಯನ್ನು ಬಾಗಿಲು ಹಾಕಿಕೊಂಡು ಒಳಗೇ ಸಲ್ಲಿಸಬಹುದಿತ್ತು. ಊರಿಗೆ ಊಟ ಹಾಕಿ, ಬಯಲಿನಲ್ಲಿ ದೀಪ ಹಚ್ಚಿ, ಎಲ್ಲರ ಜೊತೆ ಕುಳಿತು ಸಲ್ಲಿಸಿತು. ಅಷ್ಟು ದೊಡ್ಡ ಮನಸ್ಸಿನವರಿಗೆ ಕಲಾವಿದನ ಮಳೆಗಾಲದ ಚಿಂತೆ ಭಾರವಾಗದು. ಹೇಳುವವರು ಹೇಳಬೇಕು, ಅಷ್ಟೆ. ಹಿರಿಯರ ನೆನಪನ್ನು ಹೀಗೆಯೇ ಎಲ್ಲರ ಸ್ವತ್ತಾಗಿಸಿದ ಈ ದತ್ತಿಯ ವೇದಿಕೆಯಿಂದ ನಾನು ಅದನ್ನು ಹೇಳಿದ್ದೇನೆ.